ಮಂಡಿಯೂರುವ ಕಾರು

ಮೊದಲು ‘ಟಿಕ್’ ಎಂದಿತು. ಆಮೇಲೆ ಯಾರೋ ತುಟಿ ಮುಚ್ಚಿಕೊಂಡು ರಾಗ ಎಳೆದ ಹಾಗೆ ‘ಮ್‌ಮ್‌ಮ್’ ಎಂದು ಹನ್ನೊಂದು ಸೆಕೆಂಡು. ಕೊನೆಗೆ ನಿಟ್ಟುಸಿರಿನಂಥ ಒಂದು ‘ಸ್ಸ್’. ಮತ್ತೆ ನಿಶ್ಶಬ್ದ.

ರಾತ್ರಿ ಎರಡೂವರೆ. ಬೇರೆ ಯಾರಾದರೂ ಆಗಿದ್ದರೆ ಫ್ರಿಜ್ಜು ಎಂದುಕೊಂಡು ಮಗ್ಗುಲು ಬದಲಿಸುತ್ತಿದ್ದರು. ಅವಳಿಗೆ ಅದು ಸಾಧ್ಯವಿರಲಿಲ್ಲ. ದಿನಕ್ಕೆ ಹದಿನೈದು ಜನರನ್ನು ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿ, ಕಿವಿಗೆ ದಪ್ಪನೆಯ ಹೆಡ್‌ಫೋನು ಹಾಕಿ, ‘ಶಬ್ದ ಕೇಳಿಸಿದ ಕಡೆಯ ಕೈ ಎತ್ತಿ’ ಎಂದು ಹೇಳುವುದೇ ಅವಳ ಕೆಲಸ. ಇಪ್ಪತ್ತೆರಡು ವರ್ಷಗಳಿಂದ ಆಸ್ಪತ್ರೆಯಲ್ಲಿ ಊರಿನವರ ಕಿವಿ ಅಳೆಯುತ್ತ ಬಂದಿದ್ದಳು. ರೋಗಿಗಳು ‘ಕಿವಿ ಡಾಕ್ಟರಮ್ಮ’ ಎಂದರೆ, ‘ಡಾಕ್ಟರಲ್ಲ, ಪರೀಕ್ಷೆ ಮಾಡೋಳು’ ಎಂದು ಪ್ರತಿಸಲವೂ ತಿದ್ದುವಷ್ಟು ಮಾತಿನ ಜಾಗ್ರತೆ. ಇಂಥವಳ ಕಿವಿಗೆ ರಾತ್ರಿಯ ಶಬ್ದವೊಂದು ಬಿದ್ದರೆ, ಅದರ ಹುಟ್ಟು ತಿಳಿಯುವ ತನಕ ನಿದ್ದೆ ಹತ್ತಿರ ಸುಳಿಯುವುದಿಲ್ಲ.

ನಲವತ್ತು ನಿಮಿಷ ಕಾದಳು. ಟಿಕ್. ಮ್‌ಮ್‌ಮ್. ಸ್ಸ್.

“ರೀ, ಕೇಳಿಸ್ತಾ?”

ಪಕ್ಕದಲ್ಲಿ ಗಂಡ ಸೊಂಪಾಗಿ ಗೊರಕೆ ಹೊಡೆಯುತ್ತಿದ್ದ. ಟಾರ್ಚು ಹಿಡಿದು, ಬೆಕ್ಕಿನ ಹೆಜ್ಜೆ ಇಡುತ್ತ ಹೊರಗೆ ಹೋದಳು. ಮಲಗುವ ಕೋಣೆಯ ಕಿಟಕಿಯಾಚೆಗೇ ತಗಡಿನ ಶೆಡ್ಡು. ಅದರೊಳಗೆ, ಮನೆಗೆ ಬಂದು ಇನ್ನೂ ತಿಂಗಳು ತುಂಬದ, ಆದರೆ ಹುಟ್ಟಿ ಹದಿನಾಲ್ಕು ವರ್ಷವಾದ, ಕಡುನೀಲಿ ಬಣ್ಣದ ಭಾರಿ ಕಾರು. ಒಂದು ಕಾಲದಲ್ಲಿ ಅಂಥದ್ದರ ಹಿಂದಿನ ಸೀಟಿನಲ್ಲಿ ಕೂರುವವರಿಗೆ ಬಾಗಿಲು ತೆಗೆಯಲೂ ಆಳಿರುತ್ತಿದ್ದ. ಈಗ ಅದರ ಎಡಗಡೆಯ ಹಿಂಭಾಗ ಕುಸಿದು, ಕಾರು ಯಾರಿಗೋ ಒಂದೇ ಮಂಡಿ ಊರಿ ವಿನಂತಿ ಮಾಡುತ್ತಿರುವ ಹಾಗೆ ಕಂಡಿತು. ಚಕ್ರಕ್ಕೂ ಅದರ ಮೇಲಿನ ಕಮಾನಿಗೂ ನಡುವೆ ಬೆರಳಿಟ್ಟು ಅಳೆದಳು. ಬಲಗಡೆ ನಾಲ್ಕು ಬೆರಳು. ಎಡಗಡೆ ಒಂದು, ಅದೂ ಕಿರುಬೆರಳು.

ಬೆಳಿಗ್ಗೆ ಗಂಡನಿಗೆ ತೋರಿಸಿದಳು. ಅವನು ಕಾಫಿ ಲೋಟ ಹಿಡಿದುಕೊಂಡೇ ಬಂದು ಕೀಲಿ ತಿರುಗಿಸಿದ. ಕಾರು ಮೈಮುರಿದು, ಮೆಲ್ಲಗೆ ಎದ್ದು, ನೆಟ್ಟಗೆ ನಿಂತಿತು.

“ನೋಡಿದ್ಯಾ? ದೊಡ್ಡ ಕಾರುಗಳ ರೀತೀನೇ ಹಾಗೆ. ರಾತ್ರಿ ಮಂಡಿಯೂರಿ ಮಲಗ್ತವೆ. ಯಜಮಾನ ಬಂದ ತಕ್ಷಣ ಎದ್ದು ನಿಲ್ತವೆ. ಮರ್ಯಾದೆ!”

“ಒಂದೇ ಮಂಡಿ ಊರ್ತವೇನ್ರೀ?”

“ಎರಡೂ ಊರಿದ್ರೆ ಅದು ಗುಲಾಮಗಿರಿ ಆಗುತ್ತೆ ಕಣೇ.”

ಕಾರಿನ ವಿಷಯದಲ್ಲಿ ಅವನ ಮಾತಿಗೆ ಎದುರಾಡುವ ಅಭ್ಯಾಸ ಆ ಮನೆಯಲ್ಲಿರಲಿಲ್ಲ, ಇಡೀ ಬಳಗದಲ್ಲೇ ಇರಲಿಲ್ಲ. ಅವನಿಗೆ ಬಳಗದವರು ಇಟ್ಟ ಹೆಸರು ‘ಸ್ಟೆತಸ್ಕೋಪು’. ಅಣ್ಣಂದಿರು, ಬೀಗರು, ಸೋದರತ್ತೆಯ ಅಳಿಯಂದಿರು, ಯಾರೇ ಹಳೆ ಕಾರು ಕೊಳ್ಳಲಿ, ಮುಂಗಡ ಕೊಡುವ ಮೊದಲು ಅವನನ್ನು ಕರೆದೊಯ್ಯಬೇಕು. ಹೋದವನು ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಡುತ್ತಿದ್ದ. ಬೆಚ್ಚಗಿದ್ದರೆ, ‘ನಾವು ಬರೋದಕ್ಕೆ ಮುಂಚೆ ಸ್ಟಾರ್ಟ್ ಮಾಡಿ ಇಟ್ಟಿದಾರೆ, ಏನೋ ಮುಚ್ಚಿಡ್ತಿದಾರೆ, ನಡೀರಿ’ ಎಂದು ವಾಪಸು ಹೊರಡುತ್ತಿದ್ದ. ನಾಲ್ಕು ಟೈರೂ ಒಂದೇ ಕಂಪನಿಯವಾ, ಬೇರೆ ಬೇರೆಯಾ ನೋಡುತ್ತಿದ್ದ. ‘ಟೈರಿಗೆ ಜಿಪುಣತನ ಮಾಡಿದೋನು ಎಂಜಿನ್ನಿಗೆ ಆಯಿಲ್ ಹಾಕಿರ್ತಾನಾ?’ ಬಣ್ಣ ನೋಡುತ್ತಿರಲಿಲ್ಲ, ಸರ್ವೀಸ್ ಪುಸ್ತಕ ಓದುತ್ತಿದ್ದ. ಇರುವಷ್ಟೂ ಗುಂಡಿಗಳನ್ನು ಒತ್ತಿ ನೋಡುತ್ತಿದ್ದ. ಕಾಲಡಿಯ ಚಾಪೆ ಎತ್ತಿ ಮೂಸಿ, ನೀರು ಸೋರಿದೆಯೇ ಎಂದು ಹೇಳುತ್ತಿದ್ದ. ಎಲ್ಲ ಮುಗಿದ ಮೇಲೆ ಎಂಜಿನ್ನು ಶುರುಮಾಡಿಸಿ, ಕಣ್ಣು ಮುಚ್ಚಿ, ಬಾನೆಟ್ಟಿಗೆ ಕಿವಿ ಹಚ್ಚುತ್ತಿದ್ದ. ಸುತ್ತ ನಿಂತವರು ಉಸಿರು ಬಿಗಿಹಿಡಿಯುತ್ತಿದ್ದರು. ‘ತಗೊಳ್ಳಿ’ ಅಂದರೆ ತಗೊಂಡರು, ‘ಬೇಡ’ ಅಂದರೆ ಬಿಟ್ಟರು. ಹೀಗೆ ಬಳಗದಲ್ಲಿ ಇಪ್ಪತ್ಮೂರು ಕಾರು ಬಂದಿದ್ದವು. ಒಂದೂ ಕೈಕೊಟ್ಟಿರಲಿಲ್ಲ.

ಇಪ್ಪತ್ನಾಲ್ಕನೆಯದು ಅವನದೇ. ಮಾರಿದವರು ನಿವೃತ್ತ ಶಸ್ತ್ರವೈದ್ಯರು. ಜೀವಮಾನವೆಲ್ಲ ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು, ಮಲಗಿದವರ ನಡುವೆ ಕೆಲಸ ಮಾಡಿದ್ದಕ್ಕೋ ಏನೋ, ಪಿಸುದನಿಯಲ್ಲೇ ಮಾತಾಡುತ್ತಿದ್ದರು. ಪ್ರಾಮಾಣಿಕ ಮನುಷ್ಯ. ‘ಹಿಂದಿನ ಎಡಗಡೆ ಗಾಳಿಯ ಸಸ್ಪೆನ್ಷನ್ ಸ್ವಲ್ಪ ಸೋರುತ್ತೆ, ನೋಡ್ಕೊಳ್ಳಿ’ ಎಂದು ಅವರು ಹೇಳಿದ್ದನ್ನು ಅವಳು ಕಾರಿನ ಆ ಬದಿಯಲ್ಲಿ ನಿಂತು ಕಿವಿಯಾರೆ ಕೇಳಿದ್ದಳು. ಇವನು ‘ಬಹಳ ಸಂತೋಷ’ ಎಂದು ತಲೆಯಾಡಿಸಿದ್ದ. ಆಮೇಲೆ ಬಾನೆಟ್ಟಿಗೆ ಕಿವಿ ಕೊಟ್ಟು, ‘ರೇಷ್ಮೆ!’ ಎಂದಿದ್ದ. ರೇಷ್ಮೆಯ ಹಿಂದೆ ಸಣ್ಣದೊಂದು ಸೀಟಿ ಅವಳಿಗೆ ಕೇಳುತ್ತಿತ್ತು. ಆದರೆ ಇಪ್ಪತ್ಮೂರು ಕಾರಿನ ಅನುಭವಸ್ಥ ರೇಷ್ಮೆ ಅಂದಮೇಲೆ, ರೇಷ್ಮೆಗೆ ಆ ಸೀಟಿ ಇರಬೇಕಾದದ್ದೇ ಎಂದುಕೊಂಡಳು.

ಈಗ ಲೋಟ ತೊಳೆಯುತ್ತ ನಿಂತಾಗ ಅದೆಲ್ಲ ಒಂದೊಂದಾಗಿ ಸಾಲುಗಟ್ಟಿ ಬಂತು. ‘ಬಹಳ ಸಂತೋಷ.’ ಸೋರುತ್ತೆ ಎಂದವರಿಗೆ ಸಂತೋಷ ಎನ್ನುವುದುಂಟೇ? ವರ್ಷದಿಂದ ಫೋನು ಬಂದರೆ ‘ನೀನೇ ಮಾತಾಡು’ ಎಂದು ಅವಳ ಕೈಗೆ ಕೊಡುತ್ತಿದ್ದ. ಮದುವೆ ಮನೆಗಳಲ್ಲಿ ಗುಂಪು ಬಿಟ್ಟು ವಾಹನ ನಿಲ್ಲಿಸಿದ ಕಡೆ ಹೋಗಿ ನಿಲ್ಲುತ್ತಿದ್ದ. ಅಲ್ಲಿಗೂ ಜನ ಹುಡುಕಿಕೊಂಡು ಹೋಗಿ ಕಾರಿನ ಬಗ್ಗೆ ಕೇಳುತ್ತಿದ್ದರು. ಅಷ್ಟು ಹೊತ್ತು ಅವನ ಮುಖ ಅರಳಿರುತ್ತಿತ್ತು. ಮುದ್ರಣಾಲಯದಲ್ಲಿ ಇಪ್ಪತ್ತೆಂಟು ವರ್ಷ ಯಂತ್ರಗಳ ಗಡಗಡದ ನಡುವೆ ನಿಂತ ಮನುಷ್ಯ. ಬೇರೆ ಯಾರಾದರೂ ಬಂದು ಇಷ್ಟು ಹೇಳಿದ್ದರೆ, ಅವರನ್ನು ಕೂರಿಸಿ ಪರೀಕ್ಷೆ ಮಾಡುವ ಮೊದಲೇ ಕಾಗದದ ಮೇಲೆ ಗೆರೆ ಎಳೆದು ತೋರಿಸುತ್ತಿದ್ದಳು: ಸಣ್ಣ, ಕೀರಲು ಶಬ್ದಗಳೆಲ್ಲ ಹೋಗಿರುತ್ತವೆ, ಮನೆಯವರಿಗೇ ಕೊನೆಗೆ ಗೊತ್ತಾಗುವುದು. ಈ ಕೊನೆಯ ಮಾತನ್ನು ದಿನಕ್ಕೆರಡು ಸಲವಾದರೂ ಹೇಳುತ್ತಿದ್ದಳು, ಮೃದುವಾಗಿ, ಸಾಂತ್ವನದ ಮುಖ ಮಾಡಿ. ಕೈಯಲ್ಲಿದ್ದ ಲೋಟ ಜಾರಿ ಸಿಂಕಿಗೆ ಬಿದ್ದು ಠಣ್ಣೆಂದಿತು. ಒಳಗಿನಿಂದ ಗಂಡ ಏನಾಯಿತೆಂದು ಕೇಳಲಿಲ್ಲ.

ಅಷ್ಟರಲ್ಲಿ ಫೋನು. ತಂಗಿಯ ಗಂಡ. ವಿಮೆ ಕಂಪನಿಗೆ ಅಪಘಾತದ ವಾಹನಗಳ ನಷ್ಟ ಅಂದಾಜು ಮಾಡುವ ಸರ್ವೇಯರ್. ಎಲ್ಲದರಲ್ಲೂ ಜಖಂ ಹುಡುಕುವುದು ಹೊಟ್ಟೆಪಾಡು. ‘ನಾನು ಹೇಳಿದ್ನಲ್ಲ’ ಎನ್ನುವುದು ಹವ್ಯಾಸ.

“ಅಕ್ಕಾ, ಭಾನುವಾರ ಬರ್ತೀವಿ. ಭಾವನ ಆನೆ ನೋಡ್ಬೇಕು. ರಾತ್ರಿ ಮಂಡಿಯೂರುತ್ತಂತೆ? ಈಗಷ್ಟೇ ಮೆಸೇಜ್ ಹಾಕಿದ್ರು. ಹದಿನೈದು ವರ್ಷದ ಸರ್ವೀಸಲ್ಲಿ ಅಂಥ ಕಾರು ನಾನು ನೋಡಿಲ್ಲಪ್ಪ. ನಮ್ಮ ಕಾರಲ್ಲೂ ಏನೋ ಕಿರಿಕಿರಿ ಶಬ್ದ. ಮೂರು ಗ್ಯಾರೇಜಿನೋರು ಕೈ ಚೆಲ್ಲಿದಾರೆ. ಭಾವನ ಕಿವಿಗೆ ಬಿಟ್ಟಿದೀನಿ. ನೋಡೇಬಿಡೋಣ ಸ್ಟೆತಸ್ಕೋಪಿನ ಪವರ್ರು!”

ಫೋನಿಟ್ಟವಳು ಲೆಕ್ಕ ಹಾಕಿದಳು. ಸುಮ್ಮನೆ ಬರುತ್ತಿಲ್ಲ, ಟಾರ್ಚು ಹಿಡಿದುಕೊಂಡು ಬರುತ್ತಿದ್ದಾನೆ. ಕಾರು ಸೋರುವುದು ಅವನ ಕಣ್ಣಿಗೆ ಬಿದ್ದರೆ, ಸಂಜೆಯೊಳಗೆ ಬಳಗಕ್ಕೆಲ್ಲ ಸುದ್ದಿ. ಆಮೇಲೆ ಗಂಡನನ್ನು ಯಾರೂ ಕರೆಯುವುದಿಲ್ಲ. ವಾಹನ ನಿಲ್ಲಿಸಿದ ಕಡೆ ಅವನು ಒಬ್ಬನೇ ನಿಂತಿರುತ್ತಾನೆ.

ಗುರುವಾರ ಮಧ್ಯಾಹ್ನ ರಜೆ ಹಾಕಿದಳು. ಗಂಡ ಮುದ್ರಣಾಲಯಕ್ಕೆ ನಡೆದೇ ಹೋಗುತ್ತಿದ್ದ. ಬರುವುದು ಆರು ಗಂಟೆಗೆ. ಉಸಿರು ಬಿಗಿಹಿಡಿದು ಆ ಭಾರಿ ಕಾರನ್ನು ಶೆಡ್ಡಿನಿಂದ ತೆಗೆದು, ಎರಡು ಬೀದಿ ಆಚೆಗಿದ್ದ ಮೇಸ್ತ್ರಿಯ ಗ್ಯಾರೇಜಿಗೆ ತಂದಳು.

ಮೇಸ್ತ್ರಿ ಅರವತ್ತು ದಾಟಿದವರು. ಗ್ಯಾರೇಜಿನ ಗೋಡೆಯ ತುಂಬ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಸ್ಪ್ಯಾನರುಗಳು. ಒಂದು ತೆಗೆದರೆ ಅದರ ಆಕಾರದ ಬಿಳಿ ಗುರುತು ಗೋಡೆಯಲ್ಲಿ ಉಳಿಯುತ್ತಿತ್ತು. ಅವರು ಕಾರಿನ ಸುತ್ತ ಒಂದು ಸುತ್ತು ಬಂದು, ಕೈ ಒರೆಸಿಕೊಂಡರು.

“ಅಮ್ಮಾ, ಹಳೇ ದೊಡ್ಡ ಕಾರಿನದು ಒಂದೇ ಕಷ್ಟ. ಕಾರಿನ ಬೆಲೆ ಇಳಿದಿರುತ್ತೆ, ಅದರ ಬಿಡಿಭಾಗಗಳಿಗೆ ಆ ಸುದ್ದಿ ಮುಟ್ಟಿರೋದಿಲ್ಲ. ಅದಕ್ಕೇ ಅಂದಾಜಲ್ಲಿ ಏನನ್ನೂ ಬಿಚ್ಚಬಾರದು. ಕಾಯಿಲೆ ಇಂಥಾ ಕಡೇನೇ ಅಂತ ಗೊತ್ತಾಗೋ ತನಕ ಸ್ಪ್ಯಾನರ್ ಮುಟ್ಟಬಾರದು.”

ಸೋಪಿನ ನೀರು ಸಿಂಪಡಿಸಿದರು. ಗಾಳಿ ಸೋರುವ ಕಡೆ ಗುಳ್ಳೆ ಏಳಬೇಕು. ಸ್ಪ್ರಿಂಗಿನ ಬದಲು ಕಾರನ್ನು ಎತ್ತಿ ಹಿಡಿಯುವ ಗಾಳಿಚೀಲದಲ್ಲಿ ಏಳಲಿಲ್ಲ, ಅದಕ್ಕೆ ಗಾಳಿ ತುಂಬಲು ರಾತ್ರಿ ‘ಮ್‌ಮ್‌ಮ್’ ಎನ್ನುವ ಪಂಪಿನಲ್ಲೂ ಏಳಲಿಲ್ಲ.

“ಅಂದ್ರೆ ಡಿಕ್ಕಿಯ ತಳದಲ್ಲಿ ಹಾದುಹೋಗೋ ಪೈಪಲ್ಲಿ ಎಲ್ಲೋ ಇದೆ. ಒಬ್ಬರು ಒಳಗೆ ಮಲಗಿ ಕಿವಿಗೊಟ್ಟು ಕೇಳ್ಬೇಕು, ಇನ್ನೊಬ್ಬರು ಮೆಲ್ಲಗೆ ಓಡಿಸ್ಬೇಕು. ಡಿಕ್ಕಿ ತೆಗೆದಿದ್ರೆ ಇದರ ಕಂಪ್ಯೂಟರು ಪಂಪನ್ನ ಆನ್ ಮಾಡೋದಿಲ್ಲ. ಮುಚ್ಚಿರಲೇಬೇಕು.” ಮೇಸ್ತ್ರಿ ತಮ್ಮ ಕಿವಿ ಮುಟ್ಟಿಕೊಂಡರು. “ನನ್ನದು ನಲವತ್ತು ವರ್ಷ ಸುತ್ತಿಗೆ ಕೇಳಿದ ಕಿವಿ. ಸೋರೋದೆಲ್ಲ ಕೇಳಿಸಲ್ಲ.”

ಅವಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದಳು. ಬೀದಿಯಲ್ಲಿ ಯಾರೂ ಇರಲಿಲ್ಲ. ಚಪ್ಪಲಿ ಬಿಟ್ಟು, ಕೈಚೀಲದಿಂದ ಶ್ರವಣಯಂತ್ರಗಳನ್ನು ಪರೀಕ್ಷಿಸುವ ರಬ್ಬರು ಕೊಳವೆ ತೆಗೆದು ಕಿವಿಗೆ ಸಿಕ್ಕಿಸಿಕೊಂಡು, ಮೇಸ್ತ್ರಿಯ ಟಾರ್ಚು, ಸೋಪಿನ ನೀರಿನ ಬಾಟಲಿ ಎತ್ತಿಕೊಂಡಳು.

“ಅಯ್ಯೋ, ನೀವಾ? ಬೇಡಮ್ಮಾ, ಸಾರ್‌ಗೆ ಗೊತ್ತಾದ್ರೆ...”

“ಗೊತ್ತಾಗಬಾರದು ಅಂತಾನೇ. ಒಂದು ಸಲ ತಟ್ಟಿದ್ರೆ ನಿಧಾನ. ಎರಡು ಸಲ ತಟ್ಟಿದ್ರೆ ಸಿಕ್ತು, ನಿಲ್ಸಿ ಅಂತ.”

ಐವತ್ತನೇ ವಯಸ್ಸಿನಲ್ಲಿ ಕಾರಿನ ಡಿಕ್ಕಿಯೊಳಗೆ ಮಂಡಿ ಮಡಚಿ ಮಲಗುವುದು ಅವಳು ಕಲಿತ ಯಾವ ಪಠ್ಯದಲ್ಲೂ ಇರಲಿಲ್ಲ. ಆದರೂ ಒಳಗೆ ಮೆತ್ತನೆಯ ಕಂಬಳಿ ಹಾಸಿತ್ತು. ಅವರು ಮೊದಲು ಬಾಡಿಗೆಗಿದ್ದ ಕೋಣೆಗಿಂತ ಅಚ್ಚುಕಟ್ಟಾಗಿತ್ತು. ಮೇಸ್ತ್ರಿ ಮುಚ್ಚಳ ಮುಚ್ಚಿದರು. ಕತ್ತಲೆ. ಹಿಂದಿನ ಸೀಟಿನ ನಡುವಿನ ಸಣ್ಣ ಕಿಂಡಿಯಿಂದ ಬೆಳಕಿನದೊಂದು ಗೆರೆ. ಮುಂದಿನ ಬಾಗಿಲು ತೆಗೆದ ಸದ್ದು. ಅದರ ಬೆನ್ನಿಗೇ ಇನ್ನೊಂದು ದನಿ.

“ಏನ್ ಮೇಸ್ತ್ರಿ! ನಮ್ಮ ಕಾರು ಇಲ್ಲಿ?”

ಅವಳು ಕಿಂಡಿಗೆ ಕಣ್ಣು ಹಚ್ಚಿದಳು. ಗಂಡ.

“ಸಾರ್! ನೀವು... ಇಷ್ಟು ಬೇಗ?”

“ಕಾಗದದ ಲಾರಿ ಬರಲಿಲ್ಲ, ಮಷೀನು ನಿಲ್ಸಿದ್ವಿ. ಇವಳು ತಂದು ಬಿಟ್ಳಾ? ಎಲ್ಲಿ ಅವಳು?”

“ಇಲ್ಲೇ... ಹತ್ತಿರದಲ್ಲೇ ಇದಾರೆ ಸಾರ್. ತೊಳೆಯೋಕೆ ಅಂತ ಬಿಟ್ಟಿದಾರೆ.”

“ತೊಳೆಯೋದು ಆಮೇಲೆ. ಕೂತ್ಕೊಳ್ಳಿ, ಒಂದು ಸುತ್ತು ಹೋಗಿಬರೋಣ. ನಿಮ್ಮ ಹತ್ರ ಒಂದು ಮಾತಿದೆ. ಈ ಕಡೆ ಬನ್ನಿ, ನಾನು ಓಡಿಸ್ತೀನಿ.”

“ಬೇಡ ಸಾರ್, ಗಾಡಿ ಸ್ವಲ್ಪ ಹೊರೆಯಾಗಿ... ಅಂದ್ರೆ...”

ಬಾಗಿಲು ಎರಡೂ ಕಡೆ ಮುಚ್ಚಿದವು. ಕಾರು ಹೊರಟಿತು.

ಕೂಗಬೇಕೆ? ಕೂಗಿದರೆ ಏನೆಂದು ಕೂಗಬೇಕು? ‘ರೀ, ನಾನು ಡಿಕ್ಕಿಯಲ್ಲಿದೀನಿ’ ಎಂದೇ? ಅಷ್ಟರಲ್ಲಿ ರಸ್ತೆಯುಬ್ಬು ಬಂದು ಕಾರು ಒಮ್ಮೆ ಏರಿ ಇಳಿಯಿತು. ಕೊಳವೆಯ ತುದಿ ಕಂಬಳಿಯ ಅಂಚಿನಲ್ಲಿತ್ತು. ಸ್ಸ್. ಅದೇ! ರಾತ್ರಿ ಕೇಳಿದ ಅದೇ ನಿಟ್ಟುಸಿರು, ಎಡಗಡೆ ದೀಪದ ಕೆಳಗೆ, ಪೈಪಿನ ಜೋಡಣೆಯಲ್ಲಿ. ಟಾರ್ಚು ಬಿಟ್ಟು ನೋಡಿದಳು. ಸೋಪಿನ ನೀರು ಹನಿಸಿದಳು. ಚಿಕ್ಕ ಮಗುವಿನ ಬಾಯಲ್ಲಿ ಬರುವಂಥ ಗುಳ್ಳೆಯೊಂದು ಉಬ್ಬಿ ಒಡೆಯಿತು. ಖುಷಿಗೆ ಯಾರು ಓಡಿಸುತ್ತಿದ್ದಾರೆ ಎನ್ನುವುದೇ ಮರೆತುಹೋಗಿ, ಕೈ ತಾನಾಗಿ ಎರಡು ಸಲ ತಟ್ಟಿತು. ಟಕ್. ಟಕ್.

“ನಿಲ್ಸಿ ಸಾರ್!” ಮೇಸ್ತ್ರಿ ಒಪ್ಪಂದದ ನೆನಪಿನಲ್ಲಿ ಕೂಗಿಬಿಟ್ಟರು.

ಕಾರು ಪಕ್ಕಕ್ಕೆ ಸರಿದು ನಿಂತಿತು. “ಯಾಕೆ?”

“ಅದು... ಏನೋ ಶಬ್ದ ಆದ ಹಾಗಾಯ್ತು.”

“ಯಾವ ಶಬ್ದ?”

ಮೇಸ್ತ್ರಿ ಕೆಮ್ಮಿದರು. ಒಳಗೆ ಅವಳು ಅಂಗೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

“ಅದನ್ನೇ ಹೇಳ್ಬೇಕಿತ್ತು ಮೇಸ್ತ್ರಿ,” ಎಂದ ಗಂಡ. “ನನಗೆ ಕೇಳಿಸಲಿಲ್ಲ. ನನಗೆ ಕೇಳಿಸೋದೇ ಇಲ್ಲ. ಒಂದು ವರ್ಷ ಆಯ್ತು. ಗಟ್ಟಿ ಶಬ್ದ ಗೊತ್ತಾಗುತ್ತೆ, ಸಣ್ಣದೆಲ್ಲ ಹೋಗಿದೆ. ಹಕ್ಕಿ ಇಲ್ಲ. ಗಡಿಯಾರ ಇಲ್ಲ. ಕುಕ್ಕರ್ ಸೀಟಿ ಕೂಡ ನೋಡ್ತೀನಿ ಅಷ್ಟೆ, ಆವಿ ಬರೋದು ನೋಡಿ ಎಣಿಸ್ತೀನಿ.”

“ಅಯ್ಯೋ ಸಾರ್, ಇದನ್ನೆಲ್ಲ ಈಗ್ಯಾಕೆ... ರೇಡಿಯೋ ಹಾಕ್ಲಾ?”

“ರೇಡಿಯೋ ಹಾಕಿದ್ರೆ ನೀವು ಹೇಳೋದೂ ಕೇಳಿಸೋದಿಲ್ಲ. ಕೇಳಿ. ಈ ಕಾರು ಮಾರಿದ ಡಾಕ್ಟರು ಏನೇನೋ ಹೇಳಿದ್ರು. ಅವರ ತುಟಿ ಆಡಿತು, ನಾನು ಸಂತೋಷ ಅಂದೆ. ಬಾನೆಟ್ಟಿಗೆ ಕಿವಿ ಇಟ್ಟೆ, ಕೆನ್ನೆಗೆ ನಡುಕ ಗೊತ್ತಾಯ್ತೇ ಹೊರತು ಸದ್ದಲ್ಲ. ಈ ಗಾಡೀಲಿ ಏನಾದ್ರೂ ದೋಷ ಇದ್ರೆ, ಭಾನುವಾರದೊಳಗೆ ನೀವೇ ಕಂಡುಹಿಡೀಬೇಕು. ಷಡ್ಡಕ ಬರ್ತಾನೆ. ಅವನ ಮುಂದೆ ನನ್ನ ಮಾನ ನಿಮ್ಮ ಕೈಲಿದೆ.”

“ಅಲ್ಲ ಸಾರ್, ಕೇಳಿಸದೆ ಇದ್ಮೇಲೆ ಕೊಂಡಿದ್ದಾದ್ರೂ ಯಾಕೆ?”

ಗಂಡ ಸ್ಟೀರಿಂಗಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದುದು ಡಿಕ್ಕಿಯ ತನಕ ಕೇಳಿಸಿತು. ಯೋಚನೆ ಬಂದಾಗ ಅವನು ಹಾಗೆ ಮಾಡುತ್ತಿದ್ದ.

“ನಮ್ಮ ಹಳೇ ಕಾರು ಗೊತ್ತಲ್ಲ, ಗಲಗಲ ಗಲಗಲ. ಅದರಲ್ಲಿ ಇವಳು ಪಕ್ಕದಲ್ಲಿ ಕೂತು ಮಾತಾಡಿದ್ರೆ ಅರ್ಧಕ್ಕರ್ಧ ಹೋಗ್ತಿತ್ತು. ಹೂಂ, ಹೂಂ ಅಂತಿದ್ದೆ. ಇದನ್ನ ಓಡಿಸಿ ನೋಡೋಕೆ ಹೋದ್ವಲ್ಲ ಅವತ್ತು, ಗಾಜು ಎರಡೆರಡು ಪದರ, ಹೊರಗಿನದು ಒಂದು ಚೂರೂ ಒಳಗೆ ಬರಲ್ಲ. ಇವಳು ಕೂತ್ಕೊಂಡು, ‘ಸೀಟು ಮೆತ್ತಗಿದೆ’ ಅಂದ್ಳು. ಪೂರ್ತಿ ಕೇಳಿಸ್ತು ಮೇಸ್ತ್ರಿ. ಒಂದು ಅಕ್ಷರ ಬಿಡದೆ. ವರ್ಷದಲ್ಲಿ ಮೊದಲನೇ ಸಲ. ತಗೊಂಡುಬಿಟ್ಟೆ.”

ಡಿಕ್ಕಿಯೊಳಗೆ ಅವಳ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಹೋದರೆ ಕೈಗೆಲ್ಲ ಸೋಪಿನ ನೀರು. ಕಣ್ಣುರಿದು ಇನ್ನಷ್ಟು ನೀರು ಬಂತು.

“ಅಮ್ಮನಿಗೇ ಹೇಳಬಹುದಲ್ಲ ಸಾರ್?” ಮೇಸ್ತ್ರಿ ಬೇಕೆಂದೇ ಸ್ವಲ್ಪ ಗಟ್ಟಿಯಾಗಿ, ಹಿಂದಕ್ಕೆ ತಿರುಗಿ ಕೇಳಿದಂತಿತ್ತು. “ಊರಿನ ಕಿವಿಯೆಲ್ಲ ನೋಡೋರು ಅವರು.”

“ಅದಕ್ಕೇ ಹೇಳೋದಿಲ್ಲ. ರೋಗಿಗಳ ಹತ್ರ ಮಾತಾಡುವಾಗ ಒಂದು ಮುಖ ಹಾಕ್ಕೊಳ್ತಾಳೆ. ಒಳ್ಳೇ ಮುಖಾನೇ. ತಲೆ ಸ್ವಲ್ಪ ಓರೆ ಮಾಡಿ, ಪಾಪ ಅನ್ನೋ ಹಾಗೆ. ಅದನ್ನ ನನ್ನ ಮೇಲೆ ಹಾಕಿದ್ರೆ ನನಗೆ ತಡೆಯೋಕೆ ಆಗಲ್ಲ. ಇರಲಿ ಬಿಡಿ. ಡಿಕ್ಕಿ ನೋಡಿದ್ರಾ ಇದರದು? ಒಂದು ಸಂಸಾರ ಹೂಡಬಹುದು. ಬನ್ನಿ ತೋರಿಸ್ತೀನಿ.”

“ಬೇಡ ಸಾರ್!”

“ಯಾಕೆ?”

“ಡಿಕ್ಕಿ... ಬಿಸಿ ಎಂಜಿನ್ನಲ್ಲಿ ಡಿಕ್ಕಿ ತೆಗೆದ್ರೆ ಕಂಪ್ಯೂಟರು ಗಾಬರಿಯಾಗುತ್ತೆ. ದೊಡ್ಡ ಕಾರು. ಸೂಕ್ಷ್ಮ. ಭಾನುವಾರದ ತನಕ ನೀವು ಡಿಕ್ಕಿ ಕಡೆ ತಲೇನೂ ಹಾಕಬೇಡಿ.”

“ಹೌದಾ?” ಗಂಡನ ದನಿಯಲ್ಲಿ ಕಾರಿನ ಬಗ್ಗೆ ಗೌರವ ಇನ್ನಷ್ಟು ಹೆಚ್ಚಿತು.

ಗ್ಯಾರೇಜಿಗೆ ಮರಳಿದ ಮೇಲೆ, ಸಂಜೆ ಕಾರು ತಾನೇ ತಂದುಬಿಡುವುದಾಗಿ ಆಣೆ ಮಾಡಿ ಮೇಸ್ತ್ರಿ ಅವನನ್ನು ಮನೆಗೆ ಸಾಗಹಾಕಿದರು. ಅವನು ಬೀದಿಯ ತಿರುವು ದಾಟಿದ್ದು ನೋಡಿಕೊಂಡು ಡಿಕ್ಕಿ ತೆಗೆದರು. ಕೂದಲು ಕೆದರಿ, ಕಣ್ಣು ಕೆಂಪಾಗಿ, ಕೊರಳಿಗೆ ರಬ್ಬರು ಕೊಳವೆ ಜೋತು, ಅವಳು ಎದ್ದು ಕೂತಳು.

“ಎಡಗಡೆ ದೀಪದ ಕೆಳಗೆ,” ಎಂದಳು. “ಪೈಪು ಕೂಡೋ ಕಡೆ. ಗುಳ್ಳೆ ಬರ್ತಿದೆ.”

ಮೇಸ್ತ್ರಿ ಅವಳ ಮುಖ ನೋಡಲಾರದೆ ಗೋಡೆಯ ಸ್ಪ್ಯಾನರುಗಳನ್ನು ನೋಡಿದರು. “ಅಮ್ಮಾ... ಬೇರೆ ಏನಾದ್ರೂ ಕೇಳಿಸ್ತಾ?”

“ಇಲ್ಲ. ಏನೂ ಕೇಳಿಸೋದಿಲ್ಲ ಇದರಲ್ಲಿ. ಒಳ್ಳೇ ಕಾರು.”

“ಹೌದಮ್ಮಾ. ಬಹಳ ಒಳ್ಳೇ ಕಾರು.”

ಜೋಡಣೆಯ ಒಂದು ಪುಟ್ಟ ಉಂಗುರ ಬದಲಾಯಿಸಿದ್ದಷ್ಟೇ ರಿಪೇರಿ. ಆ ರಾತ್ರಿ ಟಿಕ್ ಇರಲಿಲ್ಲ, ಮ್‌ಮ್‌ಮ್ ಇರಲಿಲ್ಲ. ಆದರೂ ಅವಳಿಗೆ ನಿದ್ದೆ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಏಳಕ್ಕೇ ಷಡ್ಡಕನ ಸವಾರಿ ಬಂತು. ಟಾರ್ಚು ತಂದಿದ್ದ, ಬಣ್ಣದ ಕೆಳಗಿರುವುದು ತಗಡೋ, ತಗ್ಗಿಗೆ ಮೆತ್ತಿದ ಪುಟ್ಟಿಯೋ ನೋಡಲು ಆಯಸ್ಕಾಂತವನ್ನೂ ತಂದಿದ್ದ. ಕಾಫಿಗೂ ನಿಲ್ಲದೆ ಶೆಡ್ಡಿಗೆ ನಡೆದ. ಕಾರು ಕವಾಯತಿಗೆ ನಿಂತ ಸಿಪಾಯಿಯ ಹಾಗೆ ನೆಟ್ಟಗೆ ನಿಂತಿತ್ತು.

“ಎಲ್ಲಿ ಭಾವ, ಮಂಡಿ?”

ಗಂಡ ಕಾರನ್ನು ನೋಡಿದ. ಅದರ ಹಿಂದೆ ಹೋಗಿ ಬಗ್ಗಿ ನೋಡಿದ. ಮುಖ ಹುಳ್ಳಗಾಯಿತು. “ದಿನಾ ಊರ್ತಿತ್ತು...”

“ಇವತ್ತು ಊರಿಲ್ಲ. ಅಂದ್ರೆ ಏನೋ ಕೆಟ್ಟಿದೆ! ನಾನು ಹೇಳಿದ್ನಲ್ಲ!”

ಅವಳು ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಸೋರಿದರೆ ಮಾನ ಹೋಗುತ್ತದೆಂದು ಡಿಕ್ಕಿಯಲ್ಲಿ ಮಲಗಿ ಸರಿಮಾಡಿಸಿದರೆ, ಸೋರದಿದ್ದುದಕ್ಕೇ ಮಾನ ಹೋಗುವ ಹೊತ್ತು ಬಂದಿತ್ತು.

“ಮನೆಗೆ ಜನ ಬಂದಾಗ ಮಂಡಿಯೂರಿ ಕೂತಿರುತ್ತಾ?” ಎಂದಳು. “ಅದಕ್ಕೂ ಮರ್ಯಾದೆ ಗೊತ್ತು. ಬನ್ನಿ, ನಿಮ್ಮ ಕಾರಿನ ಶಬ್ದ ಏನು ನೋಡೋಣ.”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಒಂದು ಗುಂಡಿಯಿಂದ ತಪ್ಪಿಸಲು ಹೋಗಿ ಗಂಡನನ್ನು ಇನ್ನೊಂದರ ಅಂಚಿಗೆ ತಂದು ನಿಲ್ಲಿಸಿದ್ದಳು. ಆದರೆ ಷಡ್ಡಕ ಆಗಲೇ ತನ್ನ ಕಾರಿನ ಬಾನೆಟ್ಟು ಎತ್ತಿ, ಎಂಜಿನ್ನು ಶುರುಮಾಡಿ, ಕೈಕಟ್ಟಿ ನಿಂತಿದ್ದ.

“ಹೂಂ ಭಾವ. ಹಾಕಿ ಸ್ಟೆತಸ್ಕೋಪು.”

ಗಂಡ ಬಗ್ಗಿದ. ಕಣ್ಣು ಮುಚ್ಚಿದ. ಅವನ ಕಿವಿಯ ಹಿಂದೆ ಬೆವರು ಮೂಡಿದ್ದು ಅವಳಿಗೆ ಕಂಡಿತು. ಅವಳಿಗೋ ಶಬ್ದ ಸ್ಪಷ್ಟ: ಕೀಚ್, ಕೀಚ್, ಎಂಜಿನ್ನಿನ ಎಡಮಗ್ಗುಲಲ್ಲಿ, ತೀರಾ ಮೇಲಿನ ಸ್ಥಾಯಿಯಲ್ಲಿ. ಅವನಿಗೆ ಇನ್ನೆಂದೂ ಕೇಳದ ಸ್ಥಾಯಿ ಅದು.

ಅವಳು ಷಡ್ಡಕನ ಬೆನ್ನ ಹಿಂದೆ ಬಂದು ಗೇಟಿನ ಕಂಬಕ್ಕೆ ಒರಗಿ ನಿಂತಳು. ಗಂಡ ಕಣ್ಣು ತೆರೆದಾಗ ಎದುರಿಗೆ ಅವಳೇ. ಇಪ್ಪತ್ತೆರಡು ವರ್ಷ ಬೇರೆಯವರಿಗೆ ಹೇಳಿಕೊಟ್ಟಿದ್ದನ್ನು ಈಗ ತಾನೇ ಮಾಡಿದಳು. ಶಬ್ದ ಕೇಳಿಸಿದ ಕಡೆಯ ಕೈ ಎತ್ತಿದಳು. ಎಡಗೈ. ಕೀಚ್ ಎಂದಾಗ ತೋರುಬೆರಳು ಮೇಲೆ, ನಿಂತಾಗ ಕೆಳಗೆ.

ಗಂಡ ಆ ಬೆರಳನ್ನೇ ನೋಡಿದ. ಎಷ್ಟು ಹೊತ್ತು ನೋಡಿದನೆಂದರೆ, ಷಡ್ಡಕ “ಏನು, ಸಿಗ್ತಿಲ್ವಾ?” ಎಂದ.

“ಎಡಗಡೆ,” ಎಂದ ಗಂಡ ನಿಧಾನವಾಗಿ. “ಬಿಟ್ಟು ಬಿಟ್ಟು ಬರ್ತಿದೆ.”

ಷಡ್ಡಕನ ಹುಬ್ಬು ಮೇಲೇರಿತು.

“ಏಸಿ ಆಫ್ ಮಾಡು.” ಮಾಡಿದ. ಬೆರಳು ಕೆಳಗಿಳಿಯಿತು, ಏಳಲಿಲ್ಲ. “ಆನ್ ಮಾಡು.” ಬೆರಳು ಎದ್ದಿತು. “ಸ್ವಲ್ಪ ಆಕ್ಸಿಲರೇಟರ್ ಒತ್ತು.” ಬೆರಳು ಬೇಗ ಬೇಗ ಕುಣಿಯಿತು.

ಗಂಡ ಬಾನೆಟ್ಟನ್ನು ದಬ್ಬೆಂದು ಮುಚ್ಚಿದ. “ಏಸಿ ಕಂಪ್ರೆಸರಿನ ಪುಲ್ಲಿ. ಅದರ ಬೇರಿಂಗ್ ಹೋಗ್ತಿದೆ. ಕಂಪ್ರೆಸರೇ ಬದಲಾಯಿಸ್ಬೇಕು ಅಂತ ಹೇಳ್ತಾರೆ, ಒಪ್ಪಬೇಡ. ಬೇರಿಂಗ್ ಒಂದೇ ಹಾಕಿಸು. ಬೆಲ್ಟೂ ನೋಡಿಸಿಬಿಡು. ಮತ್ತೆ, ಚಳಿ ಇರಲಿ ಸೆಕೆ ಇರಲಿ, ವಾರಕ್ಕೊಂದು ಸಲ ಹತ್ತು ನಿಮಿಷ ಏಸಿ ಓಡಿಸ್ಬೇಕು. ಸುಮ್ಮನೆ ನಿಂತದ್ದೇ ಮೊದಲು ಕೆಡೋದು.”

ಷಡ್ಡಕ ಬಾಯಿ ತೆರೆದ. ‘ನಾನು ಹೇಳಿದ್ನಲ್ಲ’ ಎನ್ನಲು ಅವನು ಏನನ್ನೂ ಹೇಳಿರಲಿಲ್ಲ.

“ಅಕ್ಕಾ, ಯಾಕೆ ಹಾಗೆ ಕೈ ಆಡಿಸ್ತಿದೀಯ?” ಎಂದು ತಂಗಿ ಬಾಗಿಲಿನಿಂದ ಕೂಗಿದಳು.

“ಭುಜ ಹಿಡಕೊಂಡಿದೆ ಕಣೇ. ಗುರುವಾರದಿಂದ,” ಎಂದಳು ಅವಳು. ಅದು ಸುಳ್ಳೂ ಆಗಿರಲಿಲ್ಲ.

ಬಂದವರು ಹೋದ ಮೇಲೆ, ಇಳಿಬಿಸಿಲಿನಲ್ಲಿ ಇಬ್ಬರೂ ಕಾರಿನಲ್ಲಿ ಒಂದು ಸುತ್ತು ಹೊರಟರು. ಹೊರಡುವ ಮುನ್ನ ಗಂಡ, ಭಾನುವಾರ ಬಂತಲ್ಲ ಎಂದು ಡಿಕ್ಕಿ ತೆಗೆದ. ಕೈಯಲ್ಲಿ ಏನನ್ನೋ ಹಿಡಿದುಕೊಂಡು ಬಂದು ಸ್ಟೀರಿಂಗಿನ ಮುಂದೆ ಕೂತ. ಗಾಜುಗಳು ಮೇಲೇರಿದವು. ಲೋಕದ ಗಲಾಟೆಯೆಲ್ಲ ಹೊರಗುಳಿಯಿತು.

ಬಹಳ ದೂರ ಹೋದ ಮೇಲೆ ಗಂಡ ರಸ್ತೆಯನ್ನೇ ನೋಡುತ್ತ ಕೇಳಿದ: “ನಿನ್ನ ಗಾಜಿನ ಪೆಟ್ಟಿಗೆ ಯಾವಾಗ ಖಾಲಿ ಇರುತ್ತೆ?”

“ನಾಳೆ ಐದೂವರೆ ಮೇಲೆ.”

“ಹಾಗಾದ್ರೆ ಬರ್ತೀನಿ. ಆದ್ರೆ ನೀನು ಆ ಮುಖ ಹಾಕ್ಕೊಬಾರದು.”

‘ಇಲ್ಲ’ ಎನ್ನಲು ಹೊರಟ ನಾಲಿಗೆಯನ್ನು ಅವಳು ಕೂದಲೆಳೆಯಲ್ಲಿ ತಡೆದಳು. “ಯಾವ ಮುಖ?” ಎಂದಳು.

“ಇದೆ ಒಂದು. ನಿನಗೆ ಹೇಗೆ ಗೊತ್ತಾಯ್ತು, ನನ್ನ ವಿಷಯ?”

“ಅದು ನನ್ನ ಕೆಲಸ ಅಲ್ವೇನ್ರೀ?”

ಅವನು ತಲೆಯಾಡಿಸಿದ. ಆಮೇಲೆ ಅಂಗೈ ಬಿಚ್ಚಿದ. ಅದರಲ್ಲಿ ಅವಳ ಕಪ್ಪು ಹೇರ್‌ಪಿನ್ನು. “ಇದು ಡಿಕ್ಕೀಲಿ ಬಿದ್ದಿತ್ತು. ಅಲ್ಲೆಲ್ಲ ಸೋಪಿನ ವಾಸನೆ ಬೇರೆ. ಹೇಗೆ ಬಂತು?”

ಅವಳು ಪಿನ್ನನ್ನು ತೆಗೆದುಕೊಂಡಳು. ಹೇಳಿಬಿಡಲೇ? ಹೇಳಿದರೆ ನಗುತ್ತಾನೆ, ಬಿದ್ದು ಬಿದ್ದು ನಗುತ್ತಾನೆ. ನಕ್ಕ ಮೇಲೆ ಲೆಕ್ಕ ಹಾಕುತ್ತಾನೆ: ಯಾವ ದಿನ, ಯಾವ ಹೊತ್ತು, ತಾನು ಮುಂದೆ ಕೂತು ಏನೇನು ಹೇಳಿದೆ ಎಂದು. ಆ ಸೀಟಿನ ಮಾತು ಅವನು ಮೇಸ್ತ್ರಿಗೆ ಕೊಟ್ಟದ್ದು, ತನಗಲ್ಲ. ಅವನಾಗಿಯೇ ಒಂದು ದಿನ ತನಗೆ ಹೇಳಿದರೆ ಸರಿ. ಹೇಳದಿದ್ದರೂ ಸರಿ. ತಂಗಿಗೂ ಬೇಡ, ಮೇಸ್ತ್ರಿಯ ಜೊತೆಗೂ ಮತ್ತೆ ಎತ್ತುವುದು ಬೇಡ. ಡಿಕ್ಕಿಯೊಳಗಿನ ಆ ಅರ್ಧ ಗಂಟೆಯನ್ನು ಯಾರಿಗೂ, ಯಾವತ್ತೂ ಹೇಳುವುದಿಲ್ಲ ಎಂದು ತೀರ್ಮಾನಿಸಿದಳು.

“ತರಕಾರಿ ಚೀಲ ಇಡುವಾಗ ಬಿದ್ದಿರಬೇಕು,” ಎಂದು ಪಿನ್ನನ್ನು ಕೂದಲಿಗೆ ಸಿಕ್ಕಿಸಿಕೊಂಡಳು. ಈ ಕಾರಿನಲ್ಲಿ ಇನ್ನೂ ಒಂದು ಸಲವೂ ತರಕಾರಿ ತಂದಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಆದರೆ ಅವನು ಮುಂದೆ ಬಂದ ರಸ್ತೆಯುಬ್ಬನ್ನು ನೋಡಿಕೊಂಡು, ತುಂಬು ಬಸುರಿಯನ್ನು ಕೂರಿಸಿಕೊಂಡವನ ಹಾಗೆ, ಬಹಳ ಮೆಲ್ಲಗೆ ಕಾರನ್ನು ದಾಟಿಸಿದ.